ಗೆರ್ನಿಕಾ ಗೊತ್ತು, ಕಂಬಾಲಪಲ್ಲಿ ಗೊತ್ತೇನ್ರಯ್ಯಾ?

1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಊರಿನ ಮೇಲೆ ಬಾಂಬು ಬಿತ್ತು. ಎರಡು ತಿಂಗಳೊಳಗೆ ಪಿಕಾಸೊ ಅದನ್ನು 25 ಅಡಿ ಅಗಲದ ಚಿತ್ರ ಮಾಡಿ ಜಗತ್ತಿನ ಮುಖಕ್ಕೆ ಹಿಡಿದ.

ಮರುವರ್ಷ, 1938ರ ಏಪ್ರಿಲ್ 25, ನಮ್ಮ ವಿದುರಾಶ್ವತ್ಥ. ಬಾವುಟ ಹಿಡಿದು ಸೇರಿದ ಜನರ ಮೇಲೆ ಗುಂಡು. ಹಾರಿಸಿದವರು ಬಿಳಿಯರಲ್ಲ, ನಮ್ಮದೇ ಮೈಸೂರು ಸಂಸ್ಥಾನದ ಪೊಲೀಸರು! 2000ದ ಮಾರ್ಚ್ 11, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2014ರಲ್ಲಿ ಹೈಕೋರ್ಟಿನಲ್ಲೂ ಆರೋಪಿಗಳು ಖುಲಾಸೆ. ಹಾಗಾದರೆ ಬೆಂಕಿಯೇ ನಡೆದು ಬಂದು ಬಾಗಿಲು ತಟ್ಟಿತೇ?

ಗಾವಡಗೆರೆಯಲ್ಲಿ ಪ್ರೆಸ್ಸು ನಡೆಸುವವನು ನಾನು. ಕುರುಕ್ಷೇತ್ರ ನಾಟಕದ ಕರಪತ್ರ ಎಷ್ಟು ಸಲ ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. ಅಭಿಮನ್ಯು ಸತ್ತಾಗ ಊರೇ ಅಳುತ್ತದೆ. ನಾನೂ ಅತ್ತಿದ್ದೇನೆ, ಸುಳ್ಳೇಕೆ? ಆದರೆ ಕಂಬಾಲಪಲ್ಲಿಯ ನಾಟಕವೆಂದು ಒಂದೇ ಒಂದು ಕರಪತ್ರ ನನ್ನ ಅಚ್ಚಿಗೆ ಬಂದಿಲ್ಲ. ಕೇಳಿದರೆ, 'ಊರಲ್ಲಿ ಗಲಾಟೆ ಆಯ್ತದೆ ಕಣಣ್ಣ'. ಬ್ರಿಟಿಷರು ಕೊಂದರೆ ನಾಟಕ, ನಾವೇ ಕೊಂದರೆ ಗಲಾಟೆಯೇ?

ಪಿಕಾಸೊ ಆ ಚಿತ್ರಕ್ಕೆ ಬಣ್ಣ ಬಳಿಯಲಿಲ್ಲ. ಕಪ್ಪು, ಬಿಳುಪು, ಬೂದು, ಅಷ್ಟೇ. ಕಪ್ಪು ಇಂಕು ನನ್ನ ಹತ್ತಿರವೂ ಇದೆ. ನಾಟಕ ಬರೆದು ತನ್ನಿ, ಮೊದಲ ಸಾವಿರ ಕರಪತ್ರಕ್ಕೆ ಕಾಗದದ ದುಡ್ಡೂ ಬೇಡ.