ಸಾಧಾರಣ ಅಂಕಗಳು: ಕಳುಹಿಸುವುದೋ, ಬಿಡುವುದೋ?

ನಮ್ಮ ನಾಡಿನಲ್ಲಿ ಕಾಲೇಜು ಸೇರತಕ್ಕ ವಿದ್ಯಾರ್ಥಿಗೆ ಅಂಕಗಳನ್ನು ತೋರಿಸುವುದೂ ಬಿಡುವುದೂ ಸ್ವಂತ ಇಚ್ಛೆಯ ಮಾತಲ್ಲ. ಪಿ.ಯು. ಅಂಕಪಟ್ಟಿಯನ್ನು ಮುಂದಿಟ್ಟ ಹೊರತು ಬಾಗಿಲು ತೆರೆಯುವುದಿಲ್ಲ. ಆದುದರಿಂದ ಮಗನನ್ನಾಗಲಿ ಮಗಳನ್ನಾಗಲಿ ಅಮೇರಿಕಾದ ಕಾಲೇಜಿಗೆ ಕಳುಹಿಸಬೇಕೆಂದಿರುವ ಗೃಹಸ್ಥರು, “ಎಸ್.ಎ.ಟಿ. ಅಂಕಗಳನ್ನು ಕಳುಹಿಸುವುದು ಅರ್ಜಿದಾರರ ಇಷ್ಟ” ಎಂಬ ನಿಯಮವನ್ನು ಓದಿದೊಡನೆ ಸಂದೇಹಕ್ಕೆ ಒಳಗಾಗುವುದು ಸಹಜವೇ. ಅಂಕಗಳು ಬಹಳ ಚೆನ್ನಾಗಿದ್ದರೆ ಯೋಚನೆಯಿಲ್ಲ. ತೀರ ಕಡಮೆಯಾಗಿದ್ದರೂ ಹೆಚ್ಚು ಯೋಚನೆಯಿಲ್ಲ. ತೊಡಕಿರುವುದು ನಡುವಣ ಅಂಕಗಳಲ್ಲಿ. ಈ ಸಲ ಅದನ್ನೇ ವಿಚಾರ ಮಾಡೋಣ.

ಈ ಪರೀಕ್ಷೆಯು 1926ರಲ್ಲಿ ಮೊದಲಾದುದು. ಈಗ ಅದರಲ್ಲಿ ಓದುಬರಹ, ಗಣಿತ ಎಂದು ಎರಡು ಭಾಗಗಳು. ಒಂದೊಂದಕ್ಕೆ 200ರಿಂದ 800ರವರೆಗೆ, ಒಟ್ಟಿಗೆ 1600 ಅಂಕಗಳು. ಮೇನ್ ಸಂಸ್ಥಾನದ ಬೋಡಿನ್ ಕಾಲೇಜು 1969ರಲ್ಲಿಯೇ ಇಂತಹ ಅಂಕಗಳನ್ನು ಕೇಳುವ ಕಟ್ಟುಪಾಡನ್ನು ಬಿಟ್ಟಿತು. 2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುಮಂದಿ ಅದೇ ದಾರಿಯನ್ನು ಹಿಡಿದರು. ಅನಂತರ ಕೆಲವರು ಹಿಂದಿರುಗಿದರು: 2022ರಲ್ಲಿ ಎಂ.ಐ.ಟಿ.ಯೂ, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಮೊದಲಾದವೂ ಪರೀಕ್ಷೆ ಮತ್ತೆ ಕಡ್ಡಾಯವೆಂದು ಸಾರಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ 2021ರಲ್ಲಿ, ಅಂಕಗಳನ್ನು ಕಳುಹಿಸಿದರೂ ಪ್ರವೇಶಕ್ಕಾಗಿ ನೋಡುವುದಿಲ್ಲವೆಂದು ನಿಶ್ಚಯಿಸಿತು. ಆದಕಾರಣ ಮೊದಲ ಕೆಲಸವೆಂದರೆ, ಪ್ರತಿಯೊಂದು ಕಾಲೇಜಿನ ಈ ವರ್ಷದ ನಿಯಮವನ್ನು ಅದರ ಸ್ವಂತ ಪ್ರಕಟಣೆಯಲ್ಲಿಯೇ ಓದಿಕೊಳ್ಳುವುದು. ನೆರೆಮನೆಯವರ ಮಗ ಮೂರು ವರ್ಷದ ಹಿಂದೆ ಏನು ಮಾಡಿದನೆಂಬುದು ಇಲ್ಲಿ ಪ್ರಮಾಣವಾಗಲಾರದು.

ನಿಯಮವು ಇಚ್ಛೆಗೆ ಬಿಟ್ಟಿದ್ದರೆ ಅಳತೆಗೋಲು ಯಾವುದು? ಬಹುತೇಕ ಕಾಲೇಜುಗಳು ತಮ್ಮಲ್ಲಿ ಸೇರಿದ ವಿದ್ಯಾರ್ಥಿಗಳ ಪೈಕಿ ನಡುವಣ ಅರ್ಧದಷ್ಟು ಮಂದಿಯ ಅಂಕಗಳು ಎಲ್ಲಿಂದ ಎಲ್ಲಿಯವರೆಗೆ ಇವೆಯೆಂಬುದನ್ನು ಪ್ರಕಟಿಸುತ್ತವೆ. ಕೆಳಗಿನ ಅಂಕಿಗಿಂತ ಕಡಮೆಯವರು ಕಾಲು ಭಾಗ. ಮೇಲಿನದಕ್ಕಿಂತ ಹೆಚ್ಚಿನವರು ಕಾಲು ಭಾಗ. ನಮ್ಮ ಹುಡುಗಿಗೆ 1340 ಬಂದಿತೆಂದಿಟ್ಟುಕೊಳ್ಳೋಣ. ಒಂದು ಕಾಲೇಜಿನ ನಡುಭಾಗವು 1200ರಿಂದ 1380 ಆಗಿದ್ದರೆ ಅಂಕಗಳನ್ನು ಧೈರ್ಯವಾಗಿ ಕಳುಹಿಸತಕ್ಕದ್ದು. ಮತ್ತೊಂದರದು 1470ರಿಂದ 1550 ಆಗಿದ್ದರೆ ಸಾಮಾನ್ಯವಾಗಿ ಕಳುಹಿಸದಿರುವುದೇ ಲೇಸು. ಅಂಕವೊಂದೇ, ನಿರ್ಣಯ ಎರಡು. “ಸಾಧಾರಣ” ಎಂಬ ಮಾತಿಗೆ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ಯಾವ ಬಾಗಿಲಲ್ಲಿ ನಿಂತಿದ್ದೇವೆಂಬುದರಿಂದಲೇ ಅದಕ್ಕೆ ಅರ್ಥ.

ಆದರೆ ಈ ಅಂಕಿಗಳನ್ನೂ ವಿವೇಚನೆಯಿಂದ ಓದಬೇಕು. ಕಡಮೆ ಅಂಕದವರು ಕಳುಹಿಸದೆ ಇರುವುದರಿಂದ, ಕಳುಹಿಸಿದವರ ಅಂಕಗಳಷ್ಟೇ ಲೆಕ್ಕಕ್ಕೆ ಬಂದು ನಡುಭಾಗವು ಮೇಲಕ್ಕೇರಿ ಕಾಣಿಸುತ್ತದೆ. ಅದನ್ನು ಕಂಡು ಹೆದರಿ ಮತ್ತಷ್ಟು ಮಂದಿ ಹಿಂದೆಗೆಯುತ್ತಾರೆ. ಡಾರ್ಟ್‌ಮತ್ ಕಾಲೇಜಿನ ಅಧ್ಯಾಪಕರು ಈ ವಿಷಯವನ್ನು ಪರಿಶೀಲಿಸಿದಾಗ, ಅನುಕೂಲ ಕಡಮೆಯಿದ್ದ ಮನೆಗಳ ಕೆಲವು ವಿದ್ಯಾರ್ಥಿಗಳು ತಮಗೆ ಸಹಾಯವಾಗುತ್ತಿದ್ದ ಅಂಕಗಳನ್ನೇ ಕಳುಹಿಸದೆ ಉಳಿಸಿಕೊಂಡಿದ್ದುದು ಕಂಡುಬಂದಿತು. ಸೌಕರ್ಯವಿಲ್ಲದ ಶಾಲೆಯಿಂದ ಬಂದ 1400ಕ್ಕೂ, ಎಲ್ಲ ಸೌಕರ್ಯವಿದ್ದ ಶಾಲೆಯ 1400ಕ್ಕೂ ಅಲ್ಲಿಯ ಪರಿಶೀಲಕರು ಒಂದೇ ಬೆಲೆ ಕಟ್ಟುವುದಿಲ್ಲ. ಆದುದರಿಂದ ಅಂಕಗಳು ನಡುಭಾಗದ ಕೆಳಗಂಚಿನಲ್ಲಿದ್ದು, ಮಗು ಓದಿದ ಶಾಲೆಯಲ್ಲಿ ಅಷ್ಟು ಗಳಿಸಿದವರು ವಿರಳವಾಗಿದ್ದರೆ, ಕಳುಹಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ.

ಇನ್ನೆರಡು ಸಂಗತಿಗಳುಂಟು. ಅಂಕಗಳನ್ನು ಕಳುಹಿಸದಿದ್ದರೆ ಆ ಭಾರವೆಲ್ಲವೂ ಶಾಲೆಯ ಅಂಕಪಟ್ಟಿ, ಉಪಾಧ್ಯಾಯರ ಪತ್ರ, ವಿದ್ಯಾರ್ಥಿಯ ಸ್ವಂತ ಬರಹ ಇವುಗಳ ಮೇಲೆ ಬೀಳುತ್ತದೆ, ಅವು ಗಟ್ಟಿಯಾಗಿರಬೇಕು. ಅಲ್ಲದೆ, ಪ್ರವೇಶಕ್ಕೆ ಅಂಕಗಳನ್ನು ಕೇಳದ ಕಾಲೇಜೂ ಕೆಲವು ವಿದ್ಯಾರ್ಥಿವೇತನಗಳಿಗೆ ಕೇಳುವುದುಂಟು. ಮನೆಯ ಉಳಿತಾಯವನ್ನೆಲ್ಲ ಕೂಡಿಸಿ ಸಾಲದ ಮಾತನ್ನೂ ಆಡುತ್ತಿರುವ ಸಂಸಾರಕ್ಕೆ ಇದು ಸಣ್ಣ ವಿಷಯವಲ್ಲ. ಎಸ್.ಎ.ಟಿ. ಬಿಟ್ಟಮಾತ್ರಕ್ಕೆ ಇಂಗ್ಲಿಷ್ ಭಾಷೆಯ ಟೋಫೆಲ್ ಮೊದಲಾದ ಪರೀಕ್ಷೆಗಳೂ ಬೇಡವಾಗುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

“ಇದ್ದುದನ್ನು ಮುಚ್ಚಿಡುವುದು ಸುಳ್ಳಲ್ಲವೇ?” ಎಂದು ಮನೆಯ ಹಿರಿಯರು ಕೇಳಬಹುದು. ಪ್ರಶ್ನೆಯು ಗೌರವಿಸತಕ್ಕದ್ದೇ. ಕೇಳಿದುದಕ್ಕೆ ತಪ್ಪು ಉತ್ತರ ಕೊಡುವುದು ಸುಳ್ಳು. ಕೇಳುವವರೇ “ಹೇಳಿದರೂ ಸರಿ, ಬಿಟ್ಟರೂ ಸರಿ” ಎಂದಾಗ ಬಿಡುವುದು ಸುಳ್ಳಲ್ಲ. ಆದರೆ ಬರೆದ ಎಲ್ಲ ಸಲದ ಅಂಕಗಳನ್ನೂ ಕೊಡಬೇಕೆಂದು ವಿಧಿಸುವ ಕಾಲೇಜುಗಳೂ ಇವೆ. ಅಂತಹ ಕಡೆ ಒಂದನ್ನು ತೋರಿಸಿ ಒಂದನ್ನು ಮರೆಸುವುದು ನೀತಿಗೆ ಹೊರತು. ಗೆರೆಯು ಎಲ್ಲಿದೆಯೆಂಬುದನ್ನು ಮಕ್ಕಳಿಗೆ ತಿಳಿಸುವುದಕ್ಕೆ ಇದೇ ತಕ್ಕ ಸಮಯ.

ಕೊನೆಯದಾಗಿ, “ಕಳುಹಿಸುವುದು ಬೇಡ” ಎಂಬ ಮಾತನ್ನು ತಂದೆತಾಯಿಗಳು ಹೇಗೆ ಆಡುತ್ತಾರೆಂಬುದರ ಮೇಲೆ ಬಹಳವಿದೆ. ಅದನ್ನು ನಾಚಿಕೆಯ ದನಿಯಲ್ಲಿ ಆಡಿದರೆ, ತನ್ನನ್ನೇ ಮುಚ್ಚಿಡುತ್ತಿದ್ದಾರೆಂದು ಮಗು ತಿಳಿದೀತು. ಹದಿನೇಳು ವರ್ಷದ ಮನಸ್ಸಿಗೆ ಆ ಪೆಟ್ಟು ಆಳವಾದುದು. ಆದುದರಿಂದ ಒಂದು ಸಂಜೆ ಎಲ್ಲರೂ ಕುಳಿತು ಒಂದು ಹಾಳೆಯಲ್ಲಿ ಕಾಲೇಜುಗಳ ಹೆಸರು, ಅವುಗಳ ನಿಯಮ, ನಡುಭಾಗದ ಅಂಕಗಳು, ತಮ್ಮ ನಿರ್ಣಯ ಇವನ್ನು ಸಾಲಾಗಿ ಬರೆಯಲಿ. ಲೇಖನಿಯು ಮಗುವಿನ ಕೈಯಲ್ಲಿರಲಿ. ಕೆಲವು ಸಾಲುಗಳಲ್ಲಿ “ಕಳುಹಿಸುವುದು” ಎಂದೂ ಕೆಲವುಗಳಲ್ಲಿ “ಬಿಡುವುದು” ಎಂದೂ ಬಂದಾಗ, ತೂಕಕ್ಕಿಟ್ಟುದು ತನ್ನನ್ನಲ್ಲ, ಒಂದು ಅಂಕಿಯನ್ನು ಮಾತ್ರವೆಂಬುದು ಅದಕ್ಕೆ ತಾನಾಗಿಯೇ ತಿಳಿಯುವುದು.