ಬೆಚ್ಚಗಿನ ನೆಲ: ಕಾಂಕ್ರೀಟಿನ ಕೆಳಗೋ, ಮೇಲೋ?

ನವೆಂಬರ್‌ನಲ್ಲಿ ಅಮ್ಮ ಬಾಣಂತನಕ್ಕೆ ಇಂಗ್ಲೆಂಡಿಗೆ ಬರ್ತಿದ್ದಾರೆ. ರೆಡಿಂಗ್‌ನಲ್ಲಿರೋ ನಮ್ಮ ಪುಟ್ಟ ಮನೆಯ ಹಿಂದೆ ಒಂದು ರೂಮು ಸೇರಿಸಿ ಕಟ್ಟಿಸ್ತಿದ್ದೀವಿ. ಫೋನಿನಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೆಲ ತುಂಬಾ ತಣ್ಣಗಿರುತ್ತೇನೋ? ನನ್ನ ಮಂಡಿಗೆ ಆಗಲ್ಲಪ್ಪ."

ಹಾಸನದ ನಮ್ಮ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಚಾಪೆನೂ ಹಾಸದೆ ಮಲಗ್ತಿದ್ವಿ. ಇಲ್ಲಿನ ಚಳಿಗೆ ಅಂಥ ನೆಲ ನಡೆಯಲ್ಲ. ಅದಕ್ಕೇ ನೆಲದೊಳಗೆ ಬಿಸಿನೀರಿನ ಪೈಪು, ಅದರ ಶಾಖ ಮಣ್ಣಿಗೆ ಸೋರದ ಹಾಗೆ ಇನ್ಸುಲೇಶನ್ ಹಲಗೆ.

"ಹಲಗೆ ಕಾಂಕ್ರೀಟಿನ ಕೆಳಗೋ, ಮೇಲೋ? ಶುಕ್ರವಾರದೊಳಗೆ ಹೇಳಿ" ಅಂದ ಬಿಲ್ಡರ್. ಕೋಡ್ ತಪ್ಪಿದ್ರೆ ಹಿಂದಿನ ವರ್ಷನ್‌ಗೆ ಹೋಗಬಹುದು. ಕಾಂಕ್ರೀಟ್ ಸುರಿದ ಮೇಲೆ ಹಿಂದೆ ಹೋಗೋ ಮಾತೇ ಇಲ್ಲ!

ಹಲಗೆ ಎಲ್ಲಿದ್ರೂ ಮಣ್ಣಿಗೆ ಸೋರುವ ಶಾಖ ಹೆಚ್ಚುಕಡಿಮೆ ಒಂದೇ. ಇಲ್ಲಿನ ನಿಯಮದ ಪ್ರಕಾರ ಹೊಸ ನೆಲದ ಯು-ವ್ಯಾಲ್ಯೂ 0.18 ಮೀರಬಾರದು. ಅದನ್ನ ಎರಡು ರೀತಿಯಲ್ಲೂ ಸಾಧಿಸಬಹುದು. ವ್ಯತ್ಯಾಸ ಇರೋದು ವೇಗದಲ್ಲಿ. ಹಲಗೆ ಕೆಳಗಿದ್ರೆ 100 ಮಿ.ಮೀ. ಕಾಂಕ್ರೀಟ್ ಕೂಡ ಬಿಸಿಯಾಗಬೇಕು. ದಪ್ಪ ತಳದ ಪಾತ್ರೆ ಥರ ಕಾಯೋದೂ ನಿಧಾನ, ಆರೋದೂ ನಿಧಾನ. ಮೇಲಿದ್ರೆ ಪೈಪನ್ನು ಮುಚ್ಚೋ ಸುಮಾರು 65 ಮಿ.ಮೀ. ಗಾರೆ ಮಾತ್ರ ಬಿಸಿಯಾದ್ರೆ ಸಾಕು.

ಅಮ್ಮ, ಮಗು ಇಡೀ ದಿನ ಅದೇ ರೂಮಲ್ಲಿ ಇರ್ತಾರೆ, ಹಾಗಾಗಿ ಕೆಳಗೇ ಇರಲಿ ಅಂದುಕೊಂಡೆ. ಹೆಂಡತಿ ಕೇಳಿದಳು: "ಅತ್ತೆ ಊರಿಗೆ ಹೋದ್ಮೇಲೆ? ನಾವಿಬ್ಬರೂ ಆಫೀಸಿಗೆ ಹೋಗೋಕೆ ಶುರು ಮಾಡಿದ್ಮೇಲೆ?"

ಅಲ್ಲಿಗೆ ಲೆಕ್ಕ ತಿರುಗಿತು. ಬೇಗ ಕಾಯುವ ನೆಲವನ್ನ ಇಡೀ ದಿನ ಸಣ್ಣ ಬಿಸಿಯಲ್ಲಿ ಇಡಬಹುದು. ನಿಧಾನದ ನೆಲವನ್ನ ಬೆಳಗಿನ ಎರಡು ಗಂಟೆಗೆ ಅಂತ ಬೇಗ ಕಾಯಿಸೋಕಾಗಲ್ಲ. ಮೊದಲನೆಯದು ಎರಡೂ ಥರದ ದಿನಗಳಿಗೆ ಆಗುತ್ತೆ. ಹಲಗೆ ಮೇಲೇ ಇರಲಿ ಅಂತ ಗುರುವಾರ ರಾತ್ರಿ ಮೆಸೇಜ್ ಹಾಕಿದೆ.

ನೀವೂ ಇಂಥ ಕೆಲಸ ಮಾಡಿಸ್ತಿದ್ರೆ ಎರಡು ವಿಷಯ ಕಣ್ಣಾರೆ ನೋಡಿ. ಗೋಡೆಯಂಚಿನ ಸುತ್ತಲೂ ಇನ್ಸುಲೇಶನ್ ಪಟ್ಟಿ ನಿಲ್ಲಿಸಿದ್ದಾರಾ? ಇಲ್ಲದಿದ್ರೆ ಅಂಚಿನಿಂದಲೇ ಶಾಖ ಸೋರುತ್ತೆ. ಫಾಯಿಲ್ ಹೊದಿಸಿದ ಹಲಗೆಗೂ ಹಸಿ ಗಾರೆಗೂ ಮಧ್ಯೆ ಪಾಲಿಥೀನ್ ಹಾಳೆ ಹಾಸಿದ್ದಾರಾ? ಸಿಮೆಂಟ್ ತಾಗಿದ್ರೆ ಫಾಯಿಲ್ ಹಾಳಾಗುತ್ತೆ. ಇದಕ್ಕೂ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಈ ರೂಮಲ್ಲಿ ಯಾರು, ದಿನಕ್ಕೆ ಎಷ್ಟು ಹೊತ್ತು ಇರ್ತಾರೆ?

ಇದೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದರು: "ಆಯ್ತು ಕಣೋ, ಒಳ್ಳೇದು. ಆದ್ರೂ ಎರಡು ಜೊತೆ ಉಣ್ಣೆ ಕಾಲುಚೀಲ ತರ್ತೀನಿ."