ಮುಂಬಾಗಿಲಲ್ಲಿ ತಕ್ಕಡಿ, ಹಿತ್ತಿಲಲ್ಲಿ ವ್ಯಾಪಾರ

ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೆ ‘ಬದಲಿ’ ಕೆಲಸಗಾರನೆಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಮಗ್ಗದ ಮುಂದೆ ನಿಲ್ಲುವುದಕ್ಕೆ ಅವನು ಬೇಕು. ಖಾಯಂ ಪಟ್ಟಿಯಲ್ಲಿ ಅವನ ಹೆಸರು ಬೇಡ. ಇದೇ ಸೂತ್ರವನ್ನು ಅಮೆರಿಕದ ಹೆಸರಾಂತ ಕಾನೂನು ಕಾಲೇಜುಗಳು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸುತ್ತ ಬಂದಿವೆ. ಅದೂ ನ್ಯಾಯ ಕಲಿಸುವ ಕಾಲೇಜುಗಳು!

ಆ ದೇಶದಲ್ಲಿ ಪದವಿಯ ಮೇಲೆ ಮೂರು ವರ್ಷದ ಕಾನೂನು ವ್ಯಾಸಂಗ. ಮೊದಲ ವರ್ಷ ಒಂದು ಕಡೆ ಓದಿ ಒಳ್ಳೆಯ ಅಂಕ ಗಳಿಸಿದವನು ಎರಡನೆಯ ವರ್ಷಕ್ಕೆ ‘ಮೇಲಿನ’ ಕಾಲೇಜಿಗೆ ಹೋಗಬಹುದು. ಈ ಮೇಲು ಕೀಳನ್ನು ಗೊತ್ತುಮಾಡಿದವರು ಯಾರು? ಸರ್ಕಾರವಲ್ಲ, ನ್ಯಾಯಾಲಯವೂ ಅಲ್ಲ. ಯು.ಎಸ್. ನ್ಯೂಸ್ ಎಂಬ ಖಾಸಗಿ ಸಂಸ್ಥೆ! 1990ರಿಂದ ವರ್ಷವರ್ಷವೂ ಅದು ಕಾಲೇಜುಗಳಿಗೆ ನಂಬರು ಹಚ್ಚುತ್ತಿದೆ. ದೊಡ್ಡ ವಕೀಲ ಕಂಪನಿಗಳು ನೌಕರಿಗೆ ಆಳು ಹುಡುಕುವಾಗ ಮೊದಲು ನೋಡುವುದು ಕಾಲೇಜಿನ ಹೆಸರನ್ನು.

ಈಗ ಮೋಸ ಎಲ್ಲಿದೆ ನೋಡಿ. ನಂಬರು ಕೊಡುವಾಗ ತೂಗುವ ವಸ್ತುಗಳಲ್ಲಿ ಒಂದು, ಮೊದಲ ವರ್ಷಕ್ಕೆ ಸೇರುವವರ ಪ್ರವೇಶ ಪರೀಕ್ಷೆಯ ಅಂಕ. ಎರಡನೆಯ ವರ್ಷಕ್ಕೆ ಬಂದವರ ಪ್ರವೇಶಾಂಕ ಆ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಕಳೆದ ವರ್ಷ ‘ನಿನ್ನ ಅಂಕ ಸಾಲದು’ ಎಂದು ಮುಂಬಾಗಿಲಲ್ಲಿ ತಳ್ಳಿದ ಹುಡುಗನನ್ನೇ ಈ ವರ್ಷ ಹಿತ್ತಿಲಿನಿಂದ ಕರೆದು ಕೂರಿಸಬಹುದು. ಪಟ್ಟಿಯಲ್ಲಿ ಅಂಕ ಇಳಿಯುವುದಿಲ್ಲ, ಪೆಟ್ಟಿಗೆಗೆ ಹಣ ಬೀಳುತ್ತದೆ. ಎಷ್ಟು ಹಣವೆನ್ನುತ್ತೀರಿ? ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 70,000 ಡಾಲರಿಗೂ ಮೇಲೆ. ಹೀಗೆ ಬಂದವನಿಗೆ ಅಂಕದ ಮೇಲಿನ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಸಿಗುವುದಿಲ್ಲ. ಹಳೆಯ ಕಾಲೇಜು ಕೊಡುತ್ತಿದ್ದದ್ದನ್ನು ಬಿಟ್ಟು, ಸಾಲದ ಪತ್ರಕ್ಕೆ ರುಜು ಹಾಕಿ ಬರಬೇಕು. ನಮ್ಮ ಪೇಟೆಯ ಅಂಗಡಿಕಾರ ಇನ್‌ಸ್ಪೆಕ್ಟರಿಗೆ ತೋರಿಸಲು ಒಂದು ತಕ್ಕಡಿ, ಗಿರಾಕಿಗೆ ತೂಗಲು ಇನ್ನೊಂದು ಇಟ್ಟರೆ ದಂಡ ತೆರುತ್ತಾನೆ!

ಕೆಳಗಿನ ಕಾಲೇಜುಗಳೇನು ಸಾಧುಗಳೆ? ಅವುಗಳಲ್ಲಿ ಹಲವು ‘ಷರತ್ತಿನ ವಿದ್ಯಾರ್ಥಿವೇತನ’ದ ಆಸೆ ತೋರಿಸಿ ಹುಡುಗರನ್ನು ಸೇರಿಸಿಕೊಂಡಿವೆ. ದರ್ಜೆ ಇಳಿದರೆ ಹಣ ನಿಂತಿತು. ಅಲ್ಲಿ ದರ್ಜೆ ಕೊಡುವುದು ಸಹಪಾಠಿಗಳ ಜೊತೆ ಹೋಲಿಸಿ. ಎಲ್ಲರೂ ಚೆನ್ನಾಗಿ ಬರೆದರೂ ಕೆಲವರು ಕೆಳಗೆ ಬೀಳಲೇಬೇಕು. ಬಿದ್ದವನು ವೇತನ ಕಳೆದುಕೊಳ್ಳುತ್ತಾನೆ, ಎದ್ದವನು ಊರು ಬಿಡುತ್ತಾನೆ. ಬಾಡಿಗೆದಾರನ, ಕೂಲಿಯವನ ದಾವೆ ಹಿಡಿಯಬಹುದಾಗಿದ್ದ ಜಾಣನು ಸಾಲ ತೀರಿಸಲು ಕಂಪನಿಗಳ ದಾವೆ ಹಿಡಿಯುತ್ತಾನೆ. ಅವನನ್ನು ನಾವು ಬೈಯುವುದಿಲ್ಲ. ಹೊಟ್ಟೆಪಾಡಿನ ಮುಂದೆ ಯಾರು ಏನು ಮಾಡಿಯಾರು?

ಹೆಸರಿನ ಹಿಂದೆ ಓಡುವವರು ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಕಥೆಯನ್ನೂ ಕೇಳಲಿ. ಆಕೆ 1958ರಲ್ಲಿ ಹಾರ್ವರ್ಡ್ ಬಿಟ್ಟು ಕೊಲಂಬಿಯಕ್ಕೆ ಹೋದದ್ದು ನಂಬರಿಗಾಗಿ ಅಲ್ಲ, ಪತಿಗೆ ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿತೆಂದು. ಕೊನೆಯ ವರ್ಷವನ್ನು ಅಲ್ಲಿ ಓದಿ ಹಾರ್ವರ್ಡ್ ಪದವಿಯನ್ನೇ ಪಡೆಯುತ್ತೇನೆಂದರೆ ಹಾರ್ವರ್ಡ್ ಒಪ್ಪಲಿಲ್ಲ. 1959ರಲ್ಲಿ ಕೊಲಂಬಿಯದ ತರಗತಿಯಲ್ಲಿ ಮೊದಲ ಸ್ಥಾನವನ್ನು ಹಂಚಿಕೊಂಡರು. ಎರಡೂ ದೊಡ್ಡ ಹೆಸರುಗಳು ಬೆನ್ನಿಗಿದ್ದರೂ ನ್ಯೂಯಾರ್ಕಿನ ವಕೀಲ ಕಂಪನಿಗಳು ಆಕೆಗೆ ಕೆಲಸ ಕೊಡಲಿಲ್ಲ. ಹೆಂಗಸು, ಯೆಹೂದಿ, ಮೇಲಾಗಿ ಮಗುವಿನ ತಾಯಿ! ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದದ್ದು 1993ರಲ್ಲಿ.

2022ರ ನವೆಂಬರಿನಲ್ಲಿ ಯೇಲ್, ಹಾರ್ವರ್ಡ್ ಕಾನೂನು ಕಾಲೇಜುಗಳು ಇನ್ನು ಈ ಪಟ್ಟಿಗೆ ಮಾಹಿತಿ ಕೊಡುವುದಿಲ್ಲವೆಂದು ಘೋಷಿಸಿದವು. 1990ರಿಂದ ಅದರ ತುದಿಯಲ್ಲಿ ಕೂತವರಿಗೆ ಜ್ಞಾನೋದಯವಾಗಲು ಮೂವತ್ತೆರಡು ವರ್ಷ ಹಿಡಿಯಿತು! ಪಟ್ಟಿಯವರು 2023ರಲ್ಲಿ ಪ್ರವೇಶಾಂಕದ ತೂಕವನ್ನು ಅರ್ಧಕ್ಕೂ ಹೆಚ್ಚು ಇಳಿಸಿದರು, ಪಟ್ಟಿಯನ್ನು ಮಾತ್ರ ನಿಲ್ಲಿಸಲಿಲ್ಲ.

ತೂಕ ಇಳಿಸಿದರೆ ಸಾಲದು. ಹಿತ್ತಿಲಿನಿಂದ ಬಂದವನ ಅಂಕವನ್ನೂ ಅದೇ ತಕ್ಕಡಿಗೆ ಹಾಕಲಿ, ಮುಂಬಾಗಿಲಿನವನಿಗೆ ಕೊಡುವ ವೇತನವನ್ನು ಅವನಿಗೂ ಕೊಡಲಿ. ಆಮೇಲೆ ಎಷ್ಟು ಕಾಲೇಜುಗಳ ಹಿತ್ತಿಲ ಬಾಗಿಲು ತೆರೆದಿರುತ್ತದೋ ನೋಡೋಣ.